ಪಕ್ಕವಾದ್ಯದವರ ಒಂದು ತಪ್ಪು

ಪಿಯಾನೋ ಮೇಷ್ಟ್ರ ಮನೆ ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲಿದೆ. ಕೆಳಗೆ ಸುತ್ತಿಗೆಯ ಸದ್ದು, ಮೇಲೆ ಮಕ್ಕಳು ಸ್ವರ ಕುಟ್ಟುವ ಸದ್ದು. ಎರಡರಲ್ಲಿ ಯಾವುದು ಹಿತ ಎಂದು ಬೀದಿಯವರನ್ನು ಕೇಳಿದರೆ ಸುತ್ತಿಗೆಗೇ ಹೆಚ್ಚು ಓಟು ಬಿದ್ದೀತು. ಮೇಷ್ಟ್ರಿಗೆ ಅದರ ಬೇಸರವೇನೂ ಇಲ್ಲ. ಪಿಯಾನೋದ ಪಕ್ಕ ಕುರ್ಚಿ ಹಾಕಿಕೊಂಡು, ಕೈಕಟ್ಟಿ, ಕಣ್ಣು ಅರ್ಧ ಮುಚ್ಚಿ ಕೂತಿರುತ್ತಾರೆ. ಮಗು ತಪ್ಪು ನುಡಿಸಿದರೆ ಬೈಯುವುದಿಲ್ಲ, ಹೊಡೆಯುವುದಿಲ್ಲ. ಎಡಗಡೆಯ ಹುಬ್ಬು ಒಂದಿಷ್ಟು ಮೇಲೇರುತ್ತದೆ, ಅಷ್ಟೆ. ಆ ಹುಬ್ಬಿಗೆ ಹೆದರಿ ಪಿಯಾನೋ ಬಿಟ್ಟು ಈಜು ಕಲಿಯಲು ಹೋದ ಮಕ್ಕಳೂ ಇದ್ದಾರೆ.

ಮೇಷ್ಟ್ರ ಕಥೆ ಹೇಳಹೊರಟರೆ ಮೇಡಂ ಕಥೆ ಹೇಳಲೇಬೇಕು. ಅದು ಮೇಷ್ಟ್ರ ಹಣೆಬರಹ. ಮೇಡಂ ಚೆಲ್ಲೋ ನುಡಿಸುತ್ತಿದ್ದವರು. ಚೆಲ್ಲೋ ಎಂದರೆ ಆಳೆತ್ತರದ ಪಿಟೀಲು. ಕುರ್ಚಿಯಲ್ಲಿ ಕೂತು, ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನು ಎಳೆಯಬೇಕು. ಅವರ ಹಾಗೆ ನುಡಿಸಿದವರು ಇನ್ನೊಬ್ಬರಿಲ್ಲ ಎಂದು ಬಲ್ಲವರು ಹೇಳುತ್ತಾರೆ, ಬಲ್ಲವರು ಹೇಳಿದರೆಂದು ಉಳಿದವರೂ ಹೇಳುತ್ತಾರೆ. ಅವರು ತೀರಿಕೊಂಡು ಬಹಳ ಕಾಲವಾಯಿತು. ರೆಕಾರ್ಡುಗಳು ಮಾತ್ರ ಉಳಿದಿವೆ. ರೇಡಿಯೋದಲ್ಲಿ ಬರುತ್ತವೆ, ದೊಡ್ಡವರ ಸಾವಿನ ಸುದ್ದಿಯ ಹಿಂದೆ ಬರುತ್ತವೆ, ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕೆನ್ನೆ ಹಿಡಿದು ಕೂತವರ ಕಿವಿಗೂ ಬೀಳುತ್ತವೆ. ಆ ರೆಕಾರ್ಡುಗಳಲ್ಲೆಲ್ಲ ಹಿಂದಿನಿಂದ ಕೇಳುವ ಪಿಯಾನೋ ನಮ್ಮ ಮೇಷ್ಟ್ರದು.

ಮೇಡಂ ಬಗ್ಗೆ ಪತ್ರಿಕೆಗಳಲ್ಲಿ ಉದ್ದುದ್ದ ಬರೆದವರು ಕೊನೆಗೆ, ಬಾಗಿಲಿಗೆ ಬೀಗ ಹಾಕಿದೆವೋ ಇಲ್ಲವೋ ಎಂದು ಹಿಂದಿರುಗಿ ನೋಡುವವರ ಹಾಗೆ, ಒಂದು ಸಾಲು ಸೇರಿಸುತ್ತಿದ್ದರು: ಪಿಯಾನೋದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಮೇಷ್ಟ್ರ ಹೆಸರು ಬರೆಯಲು ಮರೆತವರು ಕೂಡ ಈ ಮಾತನ್ನು ಮರೆಯುತ್ತಿರಲಿಲ್ಲ. ಇಡೀ ಜೀವಮಾನದಲ್ಲಿ ಮೇಷ್ಟ್ರು ಸಂಪಾದಿಸಿದ್ದು ಈ ಒಂದು ಸಾಲು. ಅದನ್ನು ಅವರು ಯಾರ ಮುಂದೆಯೂ ಆಡಿ ತೋರಿಸಲಿಲ್ಲ, ಆದರೆ ಅದರ ಮೇಲೆ ಅವರಿಗೆ ಜೀವವಿತ್ತು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ನೋಡಿ ಎಂದು ಬೇರೆ ವಾದ್ಯದವರು ಚುಚ್ಚಿದಾಗ, ನಾರು ಗಟ್ಟಿಯಾಗಿರಬೇಕಲ್ಲ ಎನ್ನುತ್ತಿದ್ದರು.

ಮೇಡಂಗೆ ಮಾತು ಕಡಿಮೆ. ರೆಕಾರ್ಡಿಂಗ್ ಕೋಣೆಗೆ ಬಂದರೆ ಕೋಟು ಬಿಚ್ಚಿ ಮೊಳೆಗೆ ಹಾಕಿ, ಶ್ರುತಿ ಸರಿಮಾಡಿಕೊಂಡು, ಕಮಾನು ಎತ್ತುವರು. ಪಕ್ಕಕ್ಕೆ ತಿರುಗಿ ನೋಡುವ, ತಲೆಯಾಡಿಸುವ ಅಭ್ಯಾಸವಿಲ್ಲ. ಮೂಗಿನಿಂದ ಒಂದು ಉಸಿರು ಎಳೆದುಕೊಳ್ಳುವರು, ಅದೇ ಸೂಚನೆ. ಮೇಷ್ಟ್ರು ಅಷ್ಟು ವರ್ಷ ಆ ಉಸಿರನ್ನು ಹಿಡಿದುಕೊಂಡೇ ಬಾಳುವೆ ಮಾಡಿದರು. ನುಡಿಸಿ ಮುಗಿದ ಮೇಲೆ ಮೇಡಂ, ನಿಮಗೆ ಸರಿಯಾಯಿತೇ ಎಂದು ಕೇಳುವರು. ಮೇಷ್ಟ್ರು ಸರಿ ಎಂದರೆ ಮುಂದಿನದು. ಇಲ್ಲವೆಂದರೆ, ಯಾಕೆ ಏನು ಎಂದು ಕೇಳದೆ ಇನ್ನೊಂದು ಸಲ. ಹೀಗಿದ್ದ ಮೇಲೆ ಹೊರಗೆ ಬಂದ ರೆಕಾರ್ಡಿನಲ್ಲಿ ಮೇಷ್ಟ್ರ ತಪ್ಪು ಉಳಿಯುವುದಾದರೂ ಹೇಗೆ?

ಮೇಷ್ಟ್ರ ಹೆಂಡತಿಗೆ ಮಾತ್ರ ಮೇಡಂ ಮೇಲೆ ಒಂದು ಕೋಪ ಇದ್ದೇ ಇತ್ತು. ಅಷ್ಟು ವರ್ಷದಲ್ಲಿ ಮೇಡಂ ಒಂದು ಸಲವೂ ಮನೆಗೆ ಬರಲಿಲ್ಲ, ಮಗಳು ಹುಟ್ಟಿದಾಗ ಹೆಣ್ಣೋ ಗಂಡೋ ಎಂದು ಕೇಳಲಿಲ್ಲ. ಪಿಯಾನೋಗೆ ಇರುವುದು ಮೂರೇ ಕಾಲು, ಆ ಹೆಂಗಸಿನ ಲೆಕ್ಕದಲ್ಲಿ ನಾಲ್ಕು, ನಾಲ್ಕನೆಯದು ನೀವು ಎಂದು ಹೆಂಡತಿ ಗಂಡನನ್ನು ಛೇಡಿಸುತ್ತಿದ್ದರು. ಮೇಡಂ ಮನಸ್ಸಿನಲ್ಲಿ ತಾವು ಯಾರು ಎಂಬುದು ಮೇಷ್ಟ್ರಿಗೂ ಗೊತ್ತಿರಲಿಲ್ಲ.

ಹೋದ ವರ್ಷ ರೆಕಾರ್ಡ್ ಕಂಪನಿಯ ಹೆಂಗಸೊಬ್ಬರು ಫೋನ್ ಮಾಡಿದರು. ಉಗ್ರಾಣ ಖಾಲಿ ಮಾಡುವಾಗ ಹಳೆಯ ಟೇಪುಗಳು ಸಿಕ್ಕಿವೆಯಂತೆ. ಮೇಡಂ ಮೊದಲ ಸಲ ನುಡಿಸಿ, ಬೇಡವೆಂದು ಬದಿಗಿಟ್ಟವು. ಅವರು ಬಿಟ್ಟುಹೋದದ್ದನ್ನೆಲ್ಲ ಸೇರಿಸಿ ಹೊಸದಾಗಿ ಹೊರತರಬೇಕೆಂದಿದ್ದಾರೆ. ಹಳೆಯ ಒಪ್ಪಂದದ ಪ್ರಕಾರ ಇಬ್ಬರು ವಾದ್ಯಗಾರರೂ ಒಪ್ಪಬೇಕು. ಮೇಡಂ ಕಡೆಯಿಂದ ಅವರ ತಂಗಿಯ ಮಗ ಒಪ್ಪಿದ್ದಾನೆ, ಉಳಿದವರು ಮೇಷ್ಟ್ರೊಬ್ಬರೇ. ಅದರಲ್ಲೂ ಒಂದು ನಿಧಾನದ ಕೃತಿಯ ಮೊದಲ ಸಲದ್ದನ್ನು ಕೇಳಿ ಕಂಪನಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟಿದ್ದಾರೆ ಎಂದು ಆಕೆ ಹೇಳಿದರು.

ತಪ್ಪಿನ ಸುದ್ದಿಯನ್ನು ಆಕೆ ಎತ್ತಿರಲೇ ಇಲ್ಲ. ಆದರೂ ಮೇಷ್ಟ್ರು, ಮಧ್ಯದಲ್ಲಿ ಏನೋ ಸದ್ದಾಗಿದೆಯಲ್ಲವೇ ಎಂದು ತಾವಾಗಿಯೇ ಕೇಳಿಬಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಬಂದು ಕೇಳಿ, ಆಮೇಲೆ ಹೇಳಿ ಎಂದು ಆಕೆ ಫೋನ್ ಇಟ್ಟರು.

ಆ ಕೃತಿಯನ್ನು ನುಡಿಸಿದ ದಿನ ಆದದ್ದು ಇಷ್ಟು. ಮೇಷ್ಟ್ರು ಸ್ವರ ಬರೆದ ಹಾಳೆ ಹರಿದರೆ ಹೊಸ ಪುಸ್ತಕ ಕೊಳ್ಳುವವರಲ್ಲ, ಗೋಂದು ಹಚ್ಚಿ ತಾವೇ ನೇರ್ಪು ಮಾಡುವವರು. ಹಿಂದಿನ ಸಂಜೆ ಆ ಕೃತಿಯ ಒಂದು ಹಾಳೆಗೆ ತೇಪೆ ಹಾಕಿದ್ದರು. ಗೋಂದು ಒಂದು ಚೂರು ಅಂಚಿನಿಂದ ಹೊರಬಂದು ಮುಂದಿನ ಹಾಳೆಯನ್ನೂ ಹಿಡಿದುಕೊಂಡಿತ್ತು. ನುಡಿಸುವಾಗ ಮಗುಚಿದ್ದು ಒಂದು ಹಾಳೆ, ಮಗುಚಿಕೊಂಡದ್ದು ಎರಡು. ಮೇಡಂ ಒಂದು ಸ್ವರದ ಮೇಲೆ ನಿಲ್ಲುವ ಜಾಗ ಅದು. ಅದರ ಕೆಳಗೆ ಪಿಯಾನೋದ ಸ್ವರ ಬದಲಾಗಬೇಕು, ಆಮೇಲೆ ಅವರು ಮುಂದೆ ಹೋಗಬೇಕು. ಮೇಷ್ಟ್ರ ಕೈ ಬಿದ್ದದ್ದು ಎಲ್ಲೋ, ಬಂದದ್ದು ಅಪಸ್ವರ. ಕೈ ಎತ್ತಿದರು, ಹುಡುಕಿದರು, ಕೊನೆಗೆ ಹೇಗೋ ದಾರಿ ಸಿಕ್ಕಿತು. ಮುಗಿದ ಮೇಲೆ ಅವರು ಬಾಯಿ ತೆರೆಯುವ ಮುಂಚೆಯೇ ಮೇಡಂ, ಇನ್ನೊಂದು ಸಲ ನುಡಿಸೋಣ ಎಂದರು, ಅಷ್ಟೆ. ಎರಡನೆಯ ಸಲದ್ದು ಹೊರಗೆ ಬಂತು, ಹೆಸರಾಯಿತು. ಮೊದಲನೆಯದನ್ನು ಮೇಷ್ಟ್ರು ಕೇಳಲೇ ಇಲ್ಲ. ಎರಡು ಸಲ ಯಾಕೆ ನುಡಿಸಬೇಕಾಯಿತು ಎಂದು ಹೆಂಡತಿ ಕೇಳಿದ್ದಕ್ಕೆ, ಹೊರಗೆ ಬಸ್ಸಿನ ಹಾರನ್ ಕೇಳಿಸಿತು ಎಂದು ಹೇಳಿದ್ದರು.

ಕಂಪನಿಗೆ ಹೆಂಡತಿಯೂ ಜೊತೆಗೆ ಹೊರಟರು. ಬೇಡವೆಂದರೆ ಅನುಮಾನ ಬರುತ್ತದೆಂದು ಮೇಷ್ಟ್ರು ತಡೆಯಲಿಲ್ಲ. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಸಣ್ಣ ಕೋಣೆ. ಕಂಪನಿಯಾಕೆ ಇಬ್ಬರನ್ನೂ ಕೂರಿಸಿ, ಸ್ವಲ್ಪ ಸಂಕೋಚದಿಂದ ವಿಷಯ ತೆಗೆದರು. ಮಧ್ಯದಲ್ಲಿ ಪಿಯಾನೋ ಒಂದು ಕಡೆ ಎಡವಿದೆ. ಅದಕ್ಕೆ ಚಿಂತೆ ಬೇಡ, ಈಗಿನ ಯಂತ್ರಗಳಿಗೆ ಅದು ದೊಡ್ಡ ಕೆಲಸವಲ್ಲ. ಎರಡನೆಯ ಸಲ ನುಡಿಸಿದ ಸರಿಯಾದ ಸ್ವರವನ್ನು ತಂದು ಇಲ್ಲಿ ಕೂರಿಸಿದ್ದೇವೆ, ದೇವರು ಬಂದು ಕೇಳಿದರೂ ಗೊತ್ತಾಗುವುದಿಲ್ಲ ಎಂದರು. ಹೆಂಡತಿ ಗಂಡನ ಮುಖ ನೋಡಿದರು. ಮೇಷ್ಟ್ರು ಗೋಡೆ ನೋಡಿದರು.

ತಿದ್ದಿದ್ದನ್ನೇ ಮೊದಲು ಕೇಳಿಸಿದರು. ಪಿಯಾನೋ ಸರಿಯಾದ ಹೊತ್ತಿಗೆ, ಸರಿಯಾದ ಜಾಗಕ್ಕೆ ಬಂದು ಕೂತಿತು. ಮೇಡಂ ಸ್ವರ ಮಾತ್ರ ನಿಂತೇ ಇತ್ತು. ಕಮಾನು ಕೊನೆಮುಟ್ಟಿ ತಿರುಗಿತು, ಸದ್ದು ತೆಳುವಾಯಿತು, ಮತ್ತೆ ತುಂಬಿಕೊಂಡಿತು. ಕಂಪನಿಯಾಕೆಗೆ ಹೇಳಿ ಮುಗಿಯದು. ಎರಡನೆಯ ಸಲ ಅವರು ಇಷ್ಟು ಹೊತ್ತು ನಿಂತಿಲ್ಲ, ಇನ್ನೆಲ್ಲೂ ನಿಂತಿಲ್ಲ. ಆ ಗಳಿಗೆಯಲ್ಲಿ ಮೇಡಂ ಮನಸ್ಸಿಗೆ ಏನು ಬಂದಿತ್ತೋ ಎಂದು ನಾವೆಲ್ಲ ಚರ್ಚೆ ಮಾಡುತ್ತಲೇ ಇದ್ದೇವೆ ಎಂದರು. ಹೆಂಡತಿಗೆ ಸಮಾಧಾನವಾಯಿತು. ಒಪ್ಪಿಗೆ ಎಂದುಬಿಡಿ ಎಂದು ಮೊಣಕೈಯಿಂದ ತಿವಿದರು.

ಮೇಷ್ಟ್ರಿಗೆ ಸರಿಬರಲಿಲ್ಲ. ಮೇಡಂ ಚಪ್ಪಾಳೆಗಾಗಿ ಒಂದು ಸ್ವರವನ್ನೂ ಎಳೆದವರಲ್ಲ. ಈ ತಿದ್ದಿದ್ದರಲ್ಲಿ ಅವರು, ನೋಡಿ ನಾನು ಎಷ್ಟು ಹೊತ್ತು ಎಳೆಯಬಲ್ಲೆ ಎಂದು ಮೆರೆಯುವವರ ಹಾಗೆ ಕೇಳುತ್ತಿದ್ದರು. ತಿದ್ದದೇ ಇರುವುದನ್ನು ಹಾಕಿ ಎಂದರು ಮೇಷ್ಟ್ರು.

ಅಪಸ್ವರ ಬಂದಾಗ ಅವರ ಕಿವಿ ಬಿಸಿಯಾಯಿತು. ಅಷ್ಟು ವರ್ಷದ ಮೇಲೂ ನಾಚಿಕೆ ಹಸಿಯಾಗಿಯೇ ಇತ್ತು. ಆಮೇಲೆ ಪಿಯಾನೋ ನಿಂತುಹೋಯಿತು. ಅಂದು ಅವರ ಕಿವಿಯಲ್ಲಿ ತಮ್ಮದೇ ಎದೆಬಡಿತ ಬಿಟ್ಟು ಬೇರೇನೂ ಇರಲಿಲ್ಲ. ಈಗ ಚೆಲ್ಲೋ ಕೇಳಿಸಿತು. ಆ ಒಂದೇ ಸ್ವರ, ಅವಸರವಿಲ್ಲದೆ, ಸಿಟ್ಟಿಲ್ಲದೆ. ಕಮಾನು ಮುಗಿಯುತ್ತ ಬಂದಾಗ ಮೇಡಂ ತಿರುಗಿಸಿಕೊಂಡರು, ಪಿಯಾನೋ ಹುಡುಕುವ ಸದ್ದಿಗೆ ಜಾಗ ಬಿಟ್ಟು ತಮ್ಮ ದನಿ ತಗ್ಗಿಸಿದರು. ಹುಡುಕುವ ಕೈ ಸರಿಯಾದ ಜಾಗದ ಹತ್ತಿರ ಬಂದಾಗ ಟೇಪಿನಲ್ಲಿ ಸ್ಪಷ್ಟವಾಗಿ ಮೂಗಿನ ಒಂದು ಉಸಿರು. ಬನ್ನಿ ಎಂದು ಕರೆದ ಹಾಗೆ. ಪಿಯಾನೋ ಬಂತು. ಅವರು ಮುಂದೆ ಹೋದರು.

ಇದನ್ನೇ ಹಾಕಿ, ತಪ್ಪು ಇದ್ದ ಹಾಗೇ ಇರಲಿ ಎಂದರು ಮೇಷ್ಟ್ರು. ಕಂಪನಿಯಾಕೆ ಕಣ್ಣರಳಿಸಿ, ನಿಮ್ಮ ಹೆಸರಿಗೆ ಕುಂದು ಬರುತ್ತದಲ್ಲ ಎಂದರು. ಹೆಂಡತಿಗೆ ತಡೆಯಲಾಗಲಿಲ್ಲ.

"ಏನ್ರೀ ಇದು? ನಿಮಗಿರೋದೇ ಅದೊಂದು ಹೆಸರು. ಈ ವಯಸ್ಸಲ್ಲಿ ನಿಮ್ಮ ಕೈಯಾರೆ ಹಾಳು ಮಾಡ್ಕೋತೀರಾ? ಅವರೇ ಸರಿ ಮಾಡಿ ಕೊಡ್ತೀವಿ ಅಂತಿರುವಾಗ?"

"ಅವರು ನನಗೋಸ್ಕರ ಕಾಯ್ತಾ ಇದ್ರು ಕಣೇ," ಎಂದರು ಮೇಷ್ಟ್ರು. "ನಾನು ದಾರಿ ತಪ್ಪಿದ್ದೆ. ಬಸ್ಸಿನ ಹಾರನ್ ಅಂತ ನಿನಗೆ ಸುಳ್ಳು ಹೇಳಿದೆ. ಈಗ ನನ್ನ ತಪ್ಪು ಅಳಿಸಿಬಿಟ್ರೆ, ಅವರು ಯಾರಿಗೋಸ್ಕರ ನಿಂತಿದ್ರು ಅಂತ ಯಾರಿಗೂ ಗೊತ್ತಾಗಲ್ಲ."

ಹೆಂಡತಿ ಕೈಚೀಲವನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, ಅದನ್ನು ಇನ್ನೊಂದು ಸಲ ಹಾಕಿ ಎಂದು ಕಂಪನಿಯಾಕೆಗೆ ಹೇಳಿದರು. ಈ ಸಲ ಆಕೆ ಗಂಡನ ಪಿಯಾನೋ ಕೇಳಲಿಲ್ಲ, ಮೇಡಂ ಸ್ವರವನ್ನು ಕೇಳಿದರು. ಅದು ಎಳೆಯುತ್ತ, ತಿರುಗುತ್ತ, ತೆಳುವಾಗುತ್ತ ನಿಂತೇ ಇತ್ತು. ಆಕೆಯ ಕಣ್ಣು ತುಂಬಿತು.

"ಪಾಪ, ಎಷ್ಟು ಹೊತ್ತು ಕಾದಿದ್ದಾರೆ."

"ಹೂಂ," ಎಂದರು ಮೇಷ್ಟ್ರು. "ನಾನು ಬರೋ ತನಕ."