ಗುಡಿಸದೆ ಬಿಟ್ಟ ಮೂಲೆ

ಸಮುದ್ರವನ್ನು ನಾನು ಕಣ್ಣಾರೆ ಕಂಡಿರುವುದು ಒಂದೇ ಸಲ, ಕೋಝಿಕೋಡಿನಲ್ಲಿ. ಸೀರೆಯ ನೆರಿಗೆ ಎತ್ತಿ ಹಿಡಿದು ಕಾಲು ಒದ್ದೆ ಮಾಡಿಕೊಳ್ಳುವಷ್ಟರಲ್ಲಿ ನಮ್ಮ ಯಜಮಾನರು "ನಡಿ ನಡಿ, ಕಾಡಿನ ಗೇಟು ಹಾಕ್ಬುಡ್ತಾರೆ" ಎಂದು ಅವಸರ ಮಾಡಿ ವಾಪಸ್ ಬಸ್ಸು ಹತ್ತಿಸಿದರು. ಕತ್ತಲಾದ ಮೇಲೆ ಕಾಡು ದಾಟಲು ಬಿಡುವುದಿಲ್ಲ. ಹಾಗಾಗಿ ಗುಂಡ್ಲುಪೇಟೆಯವರ ಸಮುದ್ರಯಾನ ಅಷ್ಟಕ್ಕೇ ಮುಗಿಯುತ್ತದೆ.

ಅಂಥವಳಿಗೆ ಹಾಯಿದೋಣಿಯ ಹುಚ್ಚು ಹಿಡಿದದ್ದು ಚಾಮರಾಜನಗರದ ಬಸ್ಸಿನಲ್ಲಿ. ಅಲ್ಲಿನ ಕಚೇರಿಯೊಂದರಲ್ಲಿ ನಾನು ಗುಮಾಸ್ತೆ. ಗುಂಡ್ಲುಪೇಟೆಯಿಂದ ದಿನಾ ಹೋಗಿ ಬರುವ ದಾರಿಯಲ್ಲಿ ಫೋನು ತಿರುವುತ್ತಿದ್ದಾಗ ಒಂದು ದಿನ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಗೋಡೆಗೆ ಒರಗಿಸಿಟ್ಟ ಮೊರದ ಹಾಗೆ ವಾಲಿದ ದೋಣಿಯೊಳಗೆ ಒಬ್ಬ ಹೆಂಗಸು ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಹಿಟ್ಟು ನಾದುತ್ತಿದ್ದಳು. ಸುತ್ತ ನೂರಾರು ಮೈಲಿ ಒಂದು ನರಪಿಳ್ಳೆಯಿಲ್ಲ. ಸುಡುವ ಬ್ರೆಡ್ಡನ್ನು ತಿನ್ನುವವಳೂ ಅವಳೇ, ಪಾತ್ರೆ ತೊಳೆಯುವವಳೂ ಅವಳೇ. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಮನೆಯಲ್ಲಿ ಒಲೆ ಮುಂದೆ ನಿಂತರೆ ಹಿಂದೆ ಮೂರು ಜನ ಉಪದೇಶ ಮಾಡುವವರು.

ಅಲ್ಲಿಂದ ಶುರುವಾಯಿತು. ಒಬ್ಬರೇ ಜಗತ್ತು ಸುತ್ತುವವರನ್ನೆಲ್ಲ ಹುಡುಕಿ ಹುಡುಕಿ ನೋಡತೊಡಗಿದೆ. ಅವರಿಗೆ ಒಂದು ದೊಡ್ಡ ಪಂದ್ಯವೂ ಇದೆ. ಯುರೋಪಿನ ಬಂದರೊಂದರಿಂದ ಹೊರಟು, ಆಫ್ರಿಕಾದ ಕೆಳಗೆ ಹಾದು, ಭೂಮಿಯ ಬುಡದ ಮಂಜುಗಡ್ಡೆಯ ಸೀಮೆಯನ್ನು ಬಳಸಿ, ದಕ್ಷಿಣ ಅಮೆರಿಕದ ತುದಿ ದಾಟಿ ಹೊರಟಲ್ಲಿಗೇ ಬರಬೇಕು. ಎಲ್ಲೂ ದಡ ಸೇರುವಂತಿಲ್ಲ, ಯಾರ ಸಹಾಯವನ್ನೂ ಪಡೆಯುವಂತಿಲ್ಲ. ಯಾವ ದೋಣಿ ಎಲ್ಲಿದೆ ಎಂದು ಫೋನಿನ ನಕ್ಷೆಯಲ್ಲಿ ಬಣ್ಣದ ಚುಕ್ಕಿಗಳು ತೋರಿಸುತ್ತವೆ. ಕಚೇರಿಯವರು ಕ್ರಿಕೆಟ್ ಸ್ಕೋರು ಕೇಳುವ ಹಾಗೆ "ಏನು ಮೇಡಂ, ನಿಮ್ಮ ದೋಣಿ ಎಲ್ಲಿಗೆ ಬಂತು?" ಎಂದು ಕೇಳಿ ನಗುತ್ತಿದ್ದರು. ಯಜಮಾನರು "ನಮ್ಮೂರ ಕೆರೇಲಿ ತೆಪ್ಪ ಹತ್ತಕ್ಕೆ ಎದರ್ಕೊಳೋಳು" ಎಂದು ಬಂದವರ ಮುಂದೆಲ್ಲ ಆಡಿಕೊಂಡರು. ನಗಲಿ ಬಿಡಿ.

ನಗದೇ ಇದ್ದವರೆಂದರೆ ನಮ್ಮ ಅತ್ತೆ. ಅವರು ಬೇಗೂರಿನ ಕಡೆಯವರು, ಓದು ಬಾರದವರು. ಹಣೆಗೆ ವಿಭೂತಿ ಇಲ್ಲದೆ ಬೆಳಗಿನ ಕಾಫಿ ಮುಟ್ಟಿದವರಲ್ಲ. ಆ ವರ್ಷ ದೀಪಾವಳಿ ಕಳೆದ ಮೇಲೆ ಪಂದ್ಯ ಶುರುವಾದ ದಿನ ಭಾನುವಾರವಾದ್ದರಿಂದ ನಾನು ಮನೆಯಲ್ಲೇ ಇದ್ದೆ. ಬಾಗಿಲ ಪಕ್ಕದ ಮೂಲೆಯಲ್ಲಿ, ಸ್ವಿಚ್ಚಿನ ಬೋರ್ಡಿನ ಕೆಳಗೆ, ಸ್ಟೂಲಿನ ಮೇಲೆ ಫೋನು ಚಾರ್ಜಿಗಿಟ್ಟುಕೊಂಡು ನೋಡುತ್ತಿದ್ದೆ. ಅತ್ತೆಯೂ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ನಮ್ಮೂರ ಹೊಲಗಳ ಚೆಂಡುಹೂವಿನಂಥ ಹಳದಿ ದೋಣಿಯೊಂದು ಅವರ ಕಣ್ಣಿಗೆ ಹಿಡಿಸಿತು.

"ಒಬ್ನೇನಾ ಇವ್ನು?"

"ಒಬ್ಬನೇ ಅತ್ತೆ."

"ಯಾಕಮ್ಮಿ, ಎಡ್ತಿ ಜಗಳ ಆಡಿ ಓಡ್ಸುದ್ಲಾ?"

"ಇಲ್ಲ ಅತ್ತೆ, ಅವನೇ ಇಷ್ಟಪಟ್ಟು ಹೋಗ್ತಿರೋದು."

"ಇಷ್ಟಪಟ್ಕಂಡು ಯಾರ್ ಮನೆ ಬುಟ್ಟು ಓದಾರು? ಬುತ್ತಿ ಕಟ್ಟವ್ರಾ?"

ಅಷ್ಟರಲ್ಲಿ ಫೋನಿನಲ್ಲಿ ದಡದ ಮೇಲೆ ನಿಂತ ಅವನ ಹೆಂಡತಿಯನ್ನು ತೋರಿಸಿದರು. ಕಂಕುಳಲ್ಲಿ ಮಗು, ಒಂದು ಕೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಅತ್ತೆಯ ಪ್ರಶ್ನೆಗಳು ಅಲ್ಲಿಗೆ ನಿಂತವು. ಫೋನಿನ ಕಡೆಗೆ ಬಗ್ಗಿ, "ಓಗ್ಬುಟ್ಟು ಬಾ ಕಂದ, ಉಷಾರು" ಎಂದರು. ಅವತ್ತಿನಿಂದ ಅವನು ನಮ್ಮ ಹುಡುಗನಾದ.

ದೀಪ ಹಚ್ಚುವ ಹೊತ್ತಾಗಿತ್ತು. ನಾನೆದ್ದು ಪೊರಕೆ ತಂದೆ. ಅತ್ತೆ ಕಿತ್ತುಕೊಂಡೇಬಿಟ್ಟರು.

"ತಡಿಯಮ್ಮಿ! ಈಗ್ತಾನೆ ಓದ್ನಲ್ಲ ಉಡ್ಗ. ಓದೋರ್ ಇಂದೆಲೆ ಕಸ ಗುಡುಸ್ತಾರಾ ಯಾರಾದ್ರೂವೆ?"

ನಮ್ಮ ಕಡೆ ಯಾರಾದರೂ ಪಯಣ ಹೊರಟರೆ ಅವರು ಊರು ಮುಟ್ಟುವ ತನಕ ಮನೆಯಲ್ಲಿ ಕಸ ಗುಡಿಸುವುದಿಲ್ಲ. ಹೋದವರ ಹಿಂದೆಯೇ ಗುಡಿಸುವುದು ಹೆಣ ಎತ್ತಿದ ಮನೆಯಲ್ಲಿ ಮಾತ್ರ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮೈಸೂರಿಗೆ ಹೋದವರಿಗೆ ಅರ್ಧ ದಿನ ಕಾಯಬಹುದು, ಭೂಮಿ ಸುತ್ತಲು ಹೋದವನಿಗೆ?

"ಅತ್ತೆ, ಅವನು ಊರು ಮುಟ್ಟೋದು ಶಿವರಾತ್ರಿ ಹೊತ್ತಿಗೆ. ಅಲ್ಲೀ ತನಕ ಗುಡಿಸದೆ ಇರಕ್ಕಾಗುತ್ತಾ?"

ಅತ್ತೆ ಪೊರಕೆಯಿಂದ ಮೂಲೆ ತೋರಿಸಿದರು. "ಮನೆ ಎಲ್ಲಾ ಗಲೀಜು ಮಾಡ್ಕಂಡು ಕೂರು ಅಂದ್ನಾ ನಾನು? ಅವ್ನು ಒಂಟದ್ದು ಈ ಮೂಲೆಯಿಂದ ತಾನೆ? ಇದೊಂದ ಬುಡು, ಮಿಕ್ಕುದ್ದ ಗುಡುಸ್ಕೊ."

ಇಂಥ ತೀರ್ಪಿಗೆ ಯಾವ ಕೋರ್ಟಿನಲ್ಲೂ ಮೇಲ್ಮನವಿ ಇಲ್ಲ. ಮೂಲೆಯನ್ನು ಬಿಟ್ಟೆ.

ಆ ಚಳಿಗಾಲ ನನ್ನ ಬದುಕಿನ ಒಳ್ಳೆಯ ಕಾಲ ಎಂದು ಈಗ ಅನ್ನಿಸುತ್ತದೆ. ಸಂಜೆ ಬಸ್ಸಿಳಿದು ಬಂದು ಫೋನನ್ನು ಸ್ಟೂಲಿನ ಮೇಲಿಟ್ಟ ಕೂಡಲೇ ಅತ್ತೆ "ಎಲ್ಲವ್ನೆ ನಮ್ ಉಡ್ಗ?" ಎನ್ನುತ್ತಿದ್ದರು. ನನಗೆ ನೀರು ಬೇಕೇ, ಕಾಫಿ ಬೇಕೇ ಎಂದು ಕೇಳುವುದು ಆಮೇಲೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ನಾನೇ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಸುದ್ದಿ ಹೇಳುತ್ತ ಒಳಗೆ ಬರುವಂತಾದೆ. ಅತ್ತೆ ಅವರೆಕಾಯಿ ಸುಲಿಯುತ್ತ, ನಾನು ಚುಕ್ಕಿ ತೋರಿಸುತ್ತ ಕೂರುತ್ತಿದ್ದೆವು. ಸಿಪ್ಪೆ ಹಾರಿ ಆ ಮೂಲೆಗೇ ಹೋಗಿ ಬೀಳುತ್ತಿತ್ತು. ಕೂದಲು, ಧೂಳು, ಈರುಳ್ಳಿ ಸಿಪ್ಪೆ, ಅದಕ್ಕೊಂದು ಇರುವೆ ಸಾಲು. ಗುಡಿಸಲು ನನ್ನ ಕೈ ತುರಿಸುತ್ತಿತ್ತು.

ಗಾಳಿಯೇ ಇಲ್ಲದ ಸೀಮೆಯಲ್ಲಿ ಹಳದಿ ಚುಕ್ಕಿ ಅಲ್ಲಾಡದೆ ನಿಂತಾಗ ನಾನು ಚಡಪಡಿಸಿದೆ. ಅತ್ತೆ ಚಡಪಡಿಸಲಿಲ್ಲ. "ಕಣದಲ್ಲಿ ರಾಗಿ ತೂರಕ್ಕೆ ಮೊರ ಎತ್ಕಂಡು ಎಷ್ಟೊತ್ ಕಾಯ್ತಿದ್ದೋ ಗೊತ್ತಾ? ಗಾಳಿ ನಿಮ್ಮಪ್ಪನ ಮನೆ ಆಳಲ್ಲ ಕಣಮ್ಮಿ, ಬಂದಾಗ ಬತ್ತದೆ" ಎಂದರು. ಒಬ್ಬನೇ ಇರುವವನು ಕೋಳಿನಿದ್ದೆ ಮಾಡಿ ಮಾಡಿ ಎದ್ದು ದೋಣಿ ನೋಡಿಕೊಳ್ಳಬೇಕು ಎಂದಾಗ, ತಮ್ಮ ಗಂಡ ಹೊಲದ ಅಟ್ಟಣೆಯ ಮೇಲೆ ಕಾಡುಹಂದಿ ನುಗ್ಗದಂತೆ ಬೆಳೆ ಕಾಯುತ್ತ ಮಲಗುತ್ತಿದ್ದದ್ದೂ ಹಾಗೆಯೇ ಎಂದರು. ಮಾವನವರ ವಿಷಯವನ್ನು ಅವರು ಅಷ್ಟು ಸಲೀಸಾಗಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಾವಿಬ್ಬರೂ ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದು, ಉಪ್ಪು ಹುಳಿ ಬಿಟ್ಟು ಬೇರೆ ಮಾತಾಡಿದವರಲ್ಲ. ಆ ಹಳದಿ ದೋಣಿ ಅತ್ತೆ ಸೊಸೆಯರಾಗಿದ್ದ ನಮ್ಮನ್ನು ಗೆಳತಿಯರನ್ನಾಗಿ ಮಾಡಿತು.

ಸಂಕ್ರಾಂತಿಗೆ ಚಾಮರಾಜನಗರದಿಂದ ನಾದಿನಿ ಬಂದಳು. ಒಳ್ಳೆಯವಳು, ಬಂದ ಮನೆಯಲ್ಲಿ ಕೈ ಕಟ್ಟಿ ಕೂರುವವಳಲ್ಲ. ನಾನು ಅಡುಗೆಮನೆಯಲ್ಲಿ ಪೊಂಗಲ್ಲಿಗೆ ಇಡುತ್ತಿದ್ದೆ, ಅತ್ತೆ ಪಕ್ಕದ ಮನೆಗೆ ಎಳ್ಳು ಕೊಡಲು ಹೋಗಿದ್ದರು. ಹೊರಗೆ ಪೊರಕೆಯ ಸದ್ದು ಕೇಳಿ ನಾನು ಓಡಿ ಬರುವಷ್ಟರಲ್ಲಿ ಮೂಲೆ ಕನ್ನಡಿಯಂತಾಗಿತ್ತು.

"ಏನತ್ತಿಗೆ, ಈಪಾಟಿ ಕಸ! ಆಫೀಸು ಆಫೀಸು ಅಂತ ಮನೇನೇ ಮರ್ತ್ಬುಟ್ರಾ?"

ಬಾಗಿಲಲ್ಲಿ ಎಳ್ಳಿನ ತಟ್ಟೆ ಹಿಡಿದು ಅತ್ತೆ ನಿಂತಿದ್ದರು. ಮಗಳಿಗೆ ಒಂದು ಮಾತು ಬಯ್ಯಲಿಲ್ಲ. "ಶಿವಾ" ಎಂದು ಅಲ್ಲೇ ಹೊಸ್ತಿಲ ಮೇಲೆ ಕೂತರು.

ಮಾರನೆಯ ದಿನವೇ ಸುದ್ದಿ ಬಂತು. ದಕ್ಷಿಣ ಅಮೆರಿಕದ ತುದಿಯ ಹತ್ತಿರ ಬಿರುಗಾಳಿ, ನಮ್ಮ ಹುಡುಗನ ಹಾಯಿಕಂಬ ಬಿಗಿದಿದ್ದ ಹಗ್ಗವೊಂದು ಕಿತ್ತು ಬಂದಿದೆ, ಕಂಬ ಯಾವಾಗ ಬೀಳುವುದೋ ಹೇಳುವ ಹಾಗಿಲ್ಲ. ಸುಳ್ಳು ಹೇಳೋಣವೆಂದುಕೊಂಡೆ. ಆದರೆ ಅತ್ತೆ ಚುಕ್ಕಿ ಓದುವುದನ್ನು ಕಲಿತಿದ್ದರು. ಹಳದಿ ಚುಕ್ಕಿ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಿತ್ತು. ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗಿದೆ ಅಷ್ಟೇ ಅತ್ತೆ. ನಮ್ಮ ಮನೆ ಪೊರಕೆಗೂ ಆ ಸಮುದ್ರಕ್ಕೂ ಏನು ಸಂಬಂಧ?" ಎಂದೆ.

"ನಿಂಗೊತ್ತಿಲ್ಲ ಬುಡು."

ಆಮೇಲೆ ಹೇಳಿದರು. ಅವರ ತಮ್ಮ ಲಾರಿ ಓಡಿಸುತ್ತಿದ್ದದ್ದು, ವಯನಾಡಿನ ಘಾಟಿಯಲ್ಲಿ ಲಾರಿ ಉರುಳಿ ತೀರಿಕೊಂಡದ್ದು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಇದು. ಓಣಂ ಹಬ್ಬದ ತರಕಾರಿ ಲೋಡು ಹೊತ್ತು ಗಡಿಯ ಮದ್ದೂರು ಕಾಡಿನ ದಾರಿಯಲ್ಲಿ ಕೇರಳಕ್ಕೆ ಹೋಗುವ ಮುಂಚೆ ಅವನು ಇದೇ ಮನೆಗೆ ಬಂದು ಮುದ್ದೆ ಉಂಡು ಹೋಗಿದ್ದ. ಅವತ್ತು ಮನೆಗೆ ನೆಂಟರು ಬರುವವರಿದ್ದರು. ಆಗಿನ್ನೂ ಹೊಸ ಸೊಸೆಯಾಗಿದ್ದ ಅತ್ತೆ, ಲಾರಿಯ ಸದ್ದು ಬೀದಿ ದಾಟುವ ಮುಂಚೆಯೇ ಗಡಿಬಿಡಿಯಲ್ಲಿ ಜಗಲಿ ಗುಡಿಸಿದ್ದರು.

"ಮಣ್ಣಾದ್ಮೇಲೆ ನಮ್ಮವ್ವ ನನ್ ಪಕ್ಕ ಬಂದು ಕೂತ್ಕಂಡು, 'ಅವ್ನ್ ಇಂದೆಲೆ ಗುಡುಸ್ದಾ ನೀನು?' ಅಂತ ಕೇಳುದ್ಲು ಕಣಮ್ಮಿ. ಊಂ ಅಂದೆ. ಇನ್ನೇನೂ ಅನ್ಲಿಲ್ಲ ಅವ್ಳು. ಸಾಯೋಗಂಟ ಇನ್ನೇನೂ ಅನ್ಲಿಲ್ಲ."

ಹೊಸ ಸೊಸೆಯಾಗಿದ್ದಾಗಿನಿಂದ ಈ ಹೆಂಗಸು ಒಂದು ಪೊರಕೆಯನ್ನು ಎದೆಯ ಮೇಲೆ ಇಟ್ಟುಕೊಂಡು ಬದುಕಿದ್ದರು. ನಾನು ಅವರನ್ನು ಮೂಢನಂಬಿಕೆಯ ಮುದುಕಿ ಎಂದು ಕಚೇರಿಯಲ್ಲಿ ಆಡಿಕೊಂಡು ನಕ್ಕಿದ್ದೆ.

ಅವತ್ತಿನಿಂದ ಪಂದ್ಯ ನನಗೆ ಪಂದ್ಯವಾಗಿ ಉಳಿಯಲಿಲ್ಲ. ಯಾರು ಮೊದಲು, ಯಾರು ಎರಡನೆಯವರು, ಒಂದೂ ಬೇಕಿರಲಿಲ್ಲ. ಬಸ್ಸಿನಲ್ಲಿ ಫೋನು ಹಿಡಿದು, ಆ ಗುರುತು ಪರಿಚಯವಿಲ್ಲದ ಗಂಡಸಿಗೆ "ಬಾರಪ್ಪಾ, ದಮ್ಮಯ್ಯ ಬಾ" ಎಂದು ಮನಸ್ಸಿನಲ್ಲೇ ಗೋಗರೆಯುತ್ತಿದ್ದೆ. ಅವನೇನಾದರೂ ಮುಳುಗಿದರೆ, ಪೊರಕೆ ಹಿಡಿದವಳು ಮಗಳಾದರೂ, ನಮ್ಮ ಅತ್ತೆ ತಮ್ಮ ಲೆಕ್ಕದಲ್ಲಿ ಎರಡನೇ ಸಲ ಕೊಲೆಗಾರ್ತಿಯಾಗುತ್ತಿದ್ದರು. ಅದನ್ನು ನೋಡುವ ಶಕ್ತಿ ನನಗಿರಲಿಲ್ಲ. ಅತ್ತೆ ಸೋಮವಾರದ ಜೊತೆಗೆ ಗುರುವಾರವೂ ಒಪ್ಪೊತ್ತು ಹಿಡಿದರು. "ಎಲ್ಲವ್ನೆ" ಎಂದು ಕೇಳುವುದನ್ನು ಬಿಟ್ಟರು. ನಾನು ಹೇಳಿದರೆ ತಲೆ ಎತ್ತದೆ ಕೇಳಿಸಿಕೊಳ್ಳುತ್ತಿದ್ದರು.

ಅವನು ಒಂದು ದ್ವೀಪದ ಮರೆಯಲ್ಲಿ ನಿಂತು, ಕಂಬ ಹತ್ತಿ, ಒಬ್ಬನೇ ಹಗ್ಗ ಬಿಗಿದ. ಅರ್ಧ ಹಾಯಿ ಮಾತ್ರ ಬಿಚ್ಚಿಕೊಂಡು ಕುಂಟುತ್ತ ಹೊರಟ. ಗೆದ್ದವರು ಗೆದ್ದು, ಹಾರ ಹಾಕಿಸಿಕೊಂಡು ಮನೆ ಸೇರಿ ಎಷ್ಟೋ ದಿನವಾಗಿತ್ತು. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಹಳದಿ ದೋಣಿ ಬಂದರಿನೊಳಕ್ಕೆ ಬರುವುದನ್ನು ತೋರಿಸುತ್ತಾರೆಂದು ತಿಳಿದು ನಾನು ಕಚೇರಿಗೆ ರಜೆ ಹಾಕಿದೆ. ಕಾರಣ ಹೊಟ್ಟೆನೋವು ಎಂದು ಬರೆದಿದ್ದೆ.

ಅದೇ ಸ್ಟೂಲು, ಅದೇ ಮೂಲೆ. ಗಡ್ಡ ಬಿಟ್ಟು ಗುರುತೇ ಸಿಗದ ಹಾಗಾಗಿದ್ದವನು ದಡಕ್ಕೆ ಕಾಲಿಟ್ಟು ತೂರಾಡಿದ. ಹೆಂಡತಿ ಹಿಡಿದುಕೊಂಡಳು. ಮಗು ಅವನ ಮುಖ ನೋಡಿ ಹೆದರಿ ಚೀರಿತು. ನಾನು ಅಳುತ್ತ ನಗುತ್ತಿದ್ದೆ. ಅತ್ತೆ ಅಲ್ಲಾಡಲಿಲ್ಲ. ಫೋನಿನಿಂದ ಕಣ್ಣು ಕೀಳದೆಯೇ ಹೇಳಿದರು.

"ಗುಡ್ಸುದ್ರೂವೆ ಬಂದ್ನಲ್ಲಮ್ಮಿ."

"ಬಂದ ಅತ್ತೆ."

"ಅಂಗಾರೆ ನನ್ ತಮ್ಮ ನನ್ನಿಂದ ಓಗ್ಲಿಲ್ಲ."

"ಇಲ್ಲ ಅತ್ತೆ. ನಿಮ್ಮಿಂದಲ್ಲ."

ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ತಮ್ಮ ಸತ್ತಾಗ ಅಳಲು ಧೈರ್ಯ ಬರಲಿಲ್ಲವೆಂದು, ಅಳುವ ಹಕ್ಕು ತನಗಿಲ್ಲ ಅನ್ನಿಸಿತ್ತೆಂದು ಆಮೇಲೆ ಹೇಳಿದರು. ಅತ್ತು ಮುಗಿದ ಮೇಲೆ ಎದ್ದು ಪೊರಕೆ ತಂದು ಆ ಮೂಲೆಯನ್ನು ತಾವೇ ಗುಡಿಸಿದರು.

ಅದಾದ ಮೇಲೆ ಅತ್ತೆಯ ಧೈರ್ಯ ನೋಡಬೇಕಿತ್ತು. ಮಗ ಮೈಸೂರಿಗೆ ಹೊರಟರೆ ಅವನ ಹಿಮ್ಮಡಿಗೇ ಪೊರಕೆ ತಗಲುವ ಹಾಗೆ ಗುಡಿಸುತ್ತಿದ್ದರು. "ನನ್ನ ಸಾಗಾಕಕ್ಕೆ ಇಷ್ಟ್ ಅವಸರವಾ ಅವ್ವ?" ಎಂದು ಯಜಮಾನರು ರೇಗಿಸಿದರೆ, "ಓಗ್ಲಾ, ಬರೋನು ಬಂದೇ ಬತ್ತಾನೆ" ಎನ್ನುತ್ತಿದ್ದರು. ನನಗೂ ಹೇಳಿಟ್ಟಿದ್ದರು: "ನಾನ್ ಓದಾಗ ಚೆನ್ನಾಗ್ ಗುಡುಸ್ಬುಡು ಕಣಮ್ಮಿ. ಮೂಲೆ ಗೀಲೆ ಅಂತ ಬುಟ್ಟೀಯ."

ಅವರು ಹೋದದ್ದು ಕಳೆದ ಅವರೆಕಾಯಿ ಕಾಲದಲ್ಲಿ, ಎರಡೇ ದಿನದ ಜ್ವರದಲ್ಲಿ. ಹೆಗಲು ಕೊಟ್ಟವರು ಹೊಲದ ಕಡೆ ನಡೆದರು. ತಮಟೆಯ ಸದ್ದು ಬೀದಿ ತಿರುಗುವ ಮುಂಚೆಯೇ ಒಳಗಿದ್ದ ಹೆಂಗಸರು "ಸೊಸೆ ಎಲ್ಲಿ, ಬೇಗ ಗುಡುಸ್ಬುಡಮ್ಮಿ" ಎಂದು ನನ್ನ ಕೈಗೆ ಪೊರಕೆ ಕೊಟ್ಟರು. ಗುಡಿಸಿದೆ. ಅವರನ್ನು ಮಲಗಿಸಿದ್ದ ಜಾಗ, ಅಡುಗೆಮನೆ, ನಡುಮನೆ, ಎಲ್ಲವನ್ನೂ ಅವರು ಹೇಳಿದ ಹಾಗೆಯೇ ಚೆನ್ನಾಗಿ ಗುಡಿಸಿದೆ. ಬಾಗಿಲ ಪಕ್ಕಕ್ಕೆ ಬಂದಾಗ ಸ್ಟೂಲಿನ ಕೆಳಗೆ ಒಣಗಿದ ಅವರೆಕಾಯಿ ಸಿಪ್ಪೆ ಬಿದ್ದಿತ್ತು, ಜ್ವರ ಬರುವ ಮುಂಚೆ ಅವರು ಸುಲಿದದ್ದು. ಮೂಢನಂಬಿಕೆ ಎಂದು ನಕ್ಕವಳಿಗೆ ಅದನ್ನು ಗುಡಿಸಲು ಕೈ ಬರಲಿಲ್ಲ.

ನಾನು ನಿಂತದ್ದನ್ನು ಕಂಡು ನಾದಿನಿ ಬಂದು ಪೊರಕೆಗೆ ಕೈ ಹಾಕಿದಳು. "ಕೊಡಿ ಅತ್ತಿಗೆ, ಇದೊಂದ್ ಮೂಲೆ ನಾನ್ ಗುಡುಸ್ತೀನಿ."

"ಅದೊಂದ ಬುಡು" ಎಂದೆ. "ಅತ್ತೆ ಇನ್ನೂ ಊರು ಮುಟ್ಟಿರಲ್ಲ."