ಹೋಗಿ ಬರ್ತೇನೆ ಅಂದವರು

ಮೊನ್ನೆ ಪಕ್ಕದ ಮನೆಯವರು ಎಳ್ಳೆಣ್ಣೆಯಲ್ಲಿ ಬದನೆಕಾಯಿ ಹುರಿಯುತ್ತಿದ್ದರು. ಆ ವಾಸನೆಗೆ ಹರಿಹರಪುರದ ಹೋಟೆಲಿನ ಅಣ್ಣ ನೆನಪಾದರು.

ಎರಡು ಸಾವಿರದ ಐದೋ ಆರೋ ಇರಬೇಕು... ನಾನು ಹರಿಹರಪುರದಲ್ಲಿದ್ದು ದಿನಾ ಕೊಪ್ಪಕ್ಕೆ ಹೋಗಿಬರುತ್ತಿದ್ದ ಇಂಗ್ಲಿಷ್ ಟೀಚರ್. ಬಸ್ಸು ಬರುವವರೆಗೆ ಅವರ ಹೋಟೆಲಿನಲ್ಲಿ ಕೂರುತ್ತಿದ್ದೆ. ಅವರು ಜಪಾನಿನಲ್ಲಿ ಒಂಬತ್ತು ವರ್ಷ ಅಡುಗೆ ಮಾಡಿ ಬಂದವರು. ಅಲ್ಲಿಯ ಮಾತು ಸಲೀಸು, ಓದುಬರಹ ಸೊನ್ನೆ. ಬದನೆ ಹುರಿಯುವುದನ್ನು ಕಲಿಸಿದ್ದು ಅಲ್ಲಿ ರೂಮು ಕೊಟ್ಟಿದ್ದ ಅಜ್ಜಿಯಂತೆ.

ಒಂದು ದಿನ ಆ ಅಜ್ಜಿಯ ಕಾಗದ ಬಂತು. ಮೊಮ್ಮಗಳು ಇಂಗ್ಲಿಷಿನಲ್ಲಿ ಬರೆದಿದ್ದಳು. ನಾನೇ ಓದಿ ಹೇಳಿದೆ: ನಿನ್ನ ರೂಮನ್ನು ಯಾರಿಗೂ ಕೊಟ್ಟಿಲ್ಲ, ಯಾವಾಗ ಬರುತ್ತೀ?

ಅಣ್ಣ ಸೌಟು ಕೆಳಗಿಟ್ಟರು. "ಎಂತ ಮಾಡಿಬಿಟ್ಟೆ ಮಾರಾಯ್ರೆ!"

ಇಂಗ್ಲಿಷಿನಲ್ಲಿ ಹೇಗೆ ಹೊರಟರೂ ‘ಲೀವ್’. ಜಪಾನಿಯಲ್ಲಿ ಹಾಗಲ್ಲವಂತೆ. ಸಂಜೆಗೆ ಮರಳುವವರು ‘ಇತ್ತೆ ಕಿಮಾಸ್’, ಅಂದರೆ ಹೋಗಿ ಬರ್ತೇನೆ, ಅನ್ನಬೇಕು. ತಮ್ಮೂರಿಗೇ ಹೊರಟವರು ‘ಕಾಯೆರಿಮಾಸ್’, ಅಂದರೆ ಊರಿಗೆ ಹೋಗ್ತೇನೆ, ಅನ್ನಬೇಕು. ಇವರಿಗೆ ಎರಡೂ ಗೊತ್ತಿತ್ತು. ಆದರೂ ಹೊಸಿಲಲ್ಲಿ ನಿಂತು ಮೊದಲಿನದನ್ನೇ ಅಂದು ಬಂದಿದ್ದರು.

"ಅಷ್ಟು ವಯಸ್ಸಾದವರ ಎದುರು ‘ಹೋಗ್ತೇನೆ’ ಅಂತ ನಮ್ಮ ಬಾಯಲ್ಲಿ ಬರ್ತದಾ ಟೀಚರೇ?"

"ಪಾಪ, ಅವರು ಎಷ್ಟಂತ ಕಾಯ್ಬೇಕು? ಬರೋದಿಲ್ಲ ಅಂತ ಬರೀತೇನೆ."

"ಬೇಡ. ಬರ್ತೇನೆ ಅಂತಲೇ ಬರೀರಿ."

ನನಗೆ ರೇಗಿತು. ಸುಳ್ಳು ನನಗೆ ಆಗಿಬರುವುದಿಲ್ಲ. ಇವರು ಇನ್ನು ಬರುವುದಿಲ್ಲ, ರೂಮನ್ನು ಬೇರೆಯವರಿಗೆ ಕೊಡಿ ಎಂದು ಬರೆದೆ. ಅವರಿಗೆ ಓದಿ ಹೇಳುವಾಗ ಮಾತ್ರ ‘ಬರ್ತಾರೆ’ ಎಂದೆ. ಅವರು ತಲೆಯಾಡಿಸಿ ಕವರಿಗೆ ಅಂಟು ಹಚ್ಚಿದರು.

ಉತ್ತರ ಬರಲಿಲ್ಲ. ಪೋಸ್ಟ್‌ಮ್ಯಾನ್ ಕಂಡಾಗಲೆಲ್ಲ ಅಣ್ಣ ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದರು... ನಾನು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ.

ಮರುವರ್ಷ ನನಗೆ ನರಸಿಂಹರಾಜಪುರಕ್ಕೆ ವರ್ಗವಾಯಿತು. ಎಲ್ಲ ಹೇಳಿಬಿಡಬೇಕೆಂದೇ ಕೊನೆಯ ದಿನ ಹೋದೆ. ಅವರು ಬದನೆ ಹುರಿದು ಬಾಳೆಲೆಯಲ್ಲಿ ಕಟ್ಟಿಕೊಟ್ಟರು. ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ. ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು.

"ಬರ್ತೇನೆ ಅಣ್ಣ," ಅಂದೆ.

"ಹೋಗಿ ಬನ್ನಿ ಟೀಚರೇ."

ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ಆಮೇಲೆ ಒಮ್ಮೆಯೂ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು?

ಮೊನ್ನೆ ಆ ವಾಸನೆ ಬಂದ ಮೇಲೆ ತಡೆಯಲಾರದೆ, ಅಲ್ಲಿಯವರೊಬ್ಬರಿಂದ ನಂಬರ್ ಪಡೆದು ಅವರ ಮನೆಗೆ ಫೋನ್ ಮಾಡಿದೆ. ಅಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ಅವರ ಹೆಂಡತಿ ನನ್ನ ಗುರುತು ಹಿಡಿದರು. "ಇಂಗ್ಲಿಷ್ ಟೀಚರಾ? ಬರ್ತೇನೆ ಅಂದಿದ್ದಾರೆ, ಒಂದಿನ ಬಂದೇ ಬರ್ತಾರೆ ಅಂತ ಹೇಳ್ತಾನೇ ಇದ್ರು."

ನಾಚಿಕೆಯಾಯಿತು. ಆ ಅಜ್ಜಿಗಾದರೆ ನಾನು ಬರೆದಿದ್ದೆ. ಈ ಟೀಚರ್ ಬರುವುದಿಲ್ಲ ಎಂದು ಅಣ್ಣನಿಗೆ ಬರೆದು ತಿಳಿಸುವವರು ಯಾರೂ ಇರಲಿಲ್ಲ.