ಬಂಡೆಯ ಮೇಲಿನ ಎರಡನೆಯ ಜೋಡಿ

ಚಿಕ್ಕೋಡಿಯಿಂದ ರಾಯಬಾಗದ ಕಡೆಗೆ ಹೋಗುವಾಗ ಕಬ್ಬಿನ ಹೊಲಗಳು ಒಂದು ಕಡೆ ಥಟ್ಟನೆ ಮುಗಿಯುತ್ತಿದ್ದವು. ಮುಂದೆ ನೆಲ ಬೋಳು, ಕುರುಚಲು ಗಿಡ, ನಡುವೆ ಗುಡ್ಡದಂಥ ಒಂದು ಮರಡಿ. ಆ ಮರಡಿಯ ಒಂದು ಮಗ್ಗುಲನ್ನು ಕೊರೆದು ಕರಿಕಲ್ಲು ತೆಗೆಯುತ್ತಿದ್ದರು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಖಣಿ ಎಷ್ಟು ಆಳವಾಗಿತ್ತೆಂದರೆ, ದಂಡೆಯಲ್ಲಿ ನಿಂತವನಿಗೆ ತಳದಲ್ಲಿ ಸುತ್ತಿಗೆ ಬೀಳುವುದು ಮೊದಲು ಕಾಣುತ್ತಿತ್ತು, ಸಪ್ಪಳ ಆಮೇಲೆ ಬರುತ್ತಿತ್ತು.

ನಾನು ಚಿಕ್ಕೋಡಿಯಲ್ಲಿ ಒಂದು ಕೋಣೆ ಹಿಡಿದು ದಿನಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ನಿಪ್ಪಾಣಿಯ ತಂಬಾಕು ಪೇಟೆ, ಕಾಗವಾಡದ ಕಡೆಯ ಗಡಿ ತಕರಾರು, ಅಥಣಿಯ ಸಂತೆ, ಕೃಷ್ಣೆ ಏರಿದಾಗ ಅಂಕಲಿ. ಡೆಸ್ಕಿನ ಹಿರಿಯರು ಕಲಿಸಿದ್ದು ಇಷ್ಟೇ: ಕಂಡದ್ದನ್ನು ಬರೆ, ಕೇಳಿದ್ದಾದರೆ ಯಾರಿಂದ ಎಂದು ಬರೆ, ಎರಡೂ ಅಲ್ಲದ್ದನ್ನು ಬಿಡು. ಇಲ್ಲಿ ಹೇಳುವುದೆಲ್ಲ ನಾನು ಕಂಡದ್ದು, ಇಲ್ಲವೇ ನನ್ನ ಎದುರು ಆಡಿದ ಮಾತು.

ಖಣಿಯ ಬಾಯಲ್ಲಿ, ಕೆಳಗಿಳಿಯುವ ದಾರಿ ಶುರುವಾಗುವಲ್ಲಿ, ಕೊರೆಯದೆ ಬಿಟ್ಟ ಒಂದು ಚಪ್ಪಟೆ ಬಂಡೆ ಇತ್ತು. ಇಳಿಯುವವರು ಅದರ ಮೇಲೆ ಚಪ್ಪಲಿ ಬಿಟ್ಟು ಹೋಗಬೇಕು. ಅನ್ನ ಕೊಡುವ ಕಲ್ಲನ್ನು ಚಪ್ಪಲಿ ಕಾಲಲ್ಲಿ ತುಳಿಯಬಾರದು ಎಂಬುದು ಅದರ ಮೂಲ. ಆದರೆ ಕಾಲಕ್ರಮದಲ್ಲಿ ಅದಕ್ಕೊಂದು ಬೇರೆ ಉಪಯೋಗ ಹುಟ್ಟಿತ್ತು. ಕಲ್ಲು ಸಿಡಿಸಲು ಮದ್ದು ಹಾರಿಸುವ ಹೊತ್ತಿನಲ್ಲಿ ಬಂಡೆಯ ಮೇಲೆ ಚಪ್ಪಲಿ ಉಳಿದಿದೆ ಎಂದರೆ ಯಾರೋ ಇನ್ನೂ ಕೆಳಗಿದ್ದಾರೆ ಎಂದು ಅರ್ಥ. ಒಬ್ಬರ ಚಪ್ಪಲಿಯನ್ನು ಇನ್ನೊಬ್ಬರು ಅಲ್ಲಿಂದ ಎತ್ತುವಂತಿರಲಿಲ್ಲ. ಕೊನೆಗೆ ಒಂದೇ ಜೋಡಿ ಉಳಿಯುತ್ತಿತ್ತು. ಅದು ಬತ್ತಿ ಹಚ್ಚಲು ಒಬ್ಬನೇ ಇಳಿಯುವವನದು. ಆತನನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಆತ ಮೇಲೆ ಬಂದು ತನ್ನ ಚಪ್ಪಲಿ ಮೆಟ್ಟಿ ಓಡಿ ಮರೆಗೆ ಸೇರಿದ ಮೇಲೆ ಮರಡಿ ನಡುಗುತ್ತಿತ್ತು.

ನಾನು ಆ ಬಂಡೆಯನ್ನು ಮೊದಲು ನೋಡಿದ್ದು ಒಂದು ಸಾವಿನ ಸುದ್ದಿಗೆ ಹೋದಾಗ. ಹಿಂದಿನ ದಿನ ಮದ್ದು ತುಂಬಿದ ಸುರುಂಗಗಳಲ್ಲಿ ಒಂದು ಸಿಡಿಯದೆ ಕಲ್ಲಿನೊಳಗೇ ಕೂತಿತ್ತು. ಅದು ತಿಳಿಯದೆ ಒಬ್ಬಾತ ಅದರ ಪಕ್ಕದಲ್ಲೇ ರಂಧ್ರ ಕೊರೆಯಲು ಶುರುಮಾಡಿದ್ದ. ಹೆಣವನ್ನು ಒಯ್ದ ಮೇಲೆ ಉಳಿದದ್ದನ್ನು ಯಾರೂ ಮುಟ್ಟುವಂತಿರಲಿಲ್ಲ. ಗಣಿಯಲ್ಲಿ ಸಾವಾದರೆ ಸುರಕ್ಷತೆಯ ಇನ್ಸ್‌ಪೆಕ್ಟರ್ ಬಂದು ನೋಡುವವರೆಗೆ ಆ ಜಾಗ ಇದ್ದ ಹಾಗೆಯೇ ಇರಬೇಕೆಂದು ಕಾನೂನು. ಹಾಗಾಗಿ ಬಾಗಿದ ಉಳಿ, ಉರುಳಿದ ನೀರಿನ ಕೊಡ, ಅರ್ಧ ಬಿಚ್ಚಿದ ರೊಟ್ಟಿ ಗಂಟು ಇದ್ದಲ್ಲೇ ಇದ್ದವು. ಬಂಡೆಯ ಮೇಲೆ ಸತ್ತವನ ಚಪ್ಪಲಿಯೂ ಇತ್ತು. ನಮ್ಮ ಕಡೆಯ ದಪ್ಪ ತೊಗಲಿನ ಚಪ್ಪಲಿ, ಎಡಗಾಲಿನ ಬಾರು ಹರಿದು ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿದ್ದು. ಕಾನೂನು ಮತ್ತು ಖಣಿಯ ರೂಢಿ ಎರಡೂ ಒಂದೇ ಮಾತು ಹೇಳಿದ್ದನ್ನು ನಾನು ಅಲ್ಲಿ ಮಾತ್ರ ಕಂಡೆ.

ಇನ್ಸ್‌ಪೆಕ್ಟರ್ ಬಂದರು, ಅಳೆದರು, ಬರೆದುಕೊಂಡರು, ಕೆಲಸ ಶುರುಮಾಡಲು ಒಪ್ಪಿಗೆ ಕೊಟ್ಟರು. ಸತ್ತವನ ತಮ್ಮ ಅದೇ ಖಣಿಯಲ್ಲಿ ಕೆಲಸಕ್ಕಿದ್ದ. ಆತ ಅಣ್ಣನ ಚಪ್ಪಲಿಯನ್ನು ಗೋಣಿಚೀಲದಲ್ಲಿ ಸುತ್ತಿ ಒಯ್ದ. ಸತ್ತವರ ಚಪ್ಪಲಿ ಮನೆಯಲ್ಲಿ ಇಡುವುದಿಲ್ಲ, ಹೊಳೆಗೆ ಎಸೆಯುತ್ತಾರೆ.

ಮರುವರ್ಷ ಬೇಸಿಗೆಯ ಕೊನೆಗೆ ನನಗೆ ಮತ್ತೆ ಕರೆ ಬಂತು. ಈ ಸಲ ಒಳ್ಳೆಯ ಸುದ್ದಿಗೆ. ಸರ್ಟಿಫಿಕೇಟ್ ಪಡೆದ ಹೊಸ ಮ್ಯಾನೇಜರ್ ಬಂದಿದ್ದರು. ಸೈರನ್ ಬಂದಿತ್ತು, ಕೆಂಪು ನಿಶಾನೆ ಬಂದಿತ್ತು, ಎಲ್ಲರಿಗೂ ಬೂಟು ಬಂದಿತ್ತು, ಮದ್ದು ಹಾರಿಸುವ ಮೊದಲು ಹಾಜರಿ ಕೂಗುವ ಪದ್ಧತಿ ಬಂದಿತ್ತು. ಮ್ಯಾನೇಜರ್ ಧಾರವಾಡ ಕಡೆಯವರು, ಇನ್ನೂ ಚಿಕ್ಕ ವಯಸ್ಸಿನವರು, ಹುರುಪಿನವರು. ನನ್ನನ್ನು ನಿಲ್ಲಿಸಿಕೊಂಡು ಒಂದೊಂದನ್ನೂ ತೋರಿಸಿದರು. ಕೆಲಸಗಾರರು ಬಂಡೆಯ ಹತ್ತಿರ ಬಂದು ಚಪ್ಪಲಿ ಕಳಚಿಟ್ಟು, ಪೆಟ್ಟಿಗೆಯಿಂದ ಬೂಟು ತೆಗೆದು ಹಾಕಿಕೊಂಡು ಇಳಿಯುತ್ತಿದ್ದರು.

"ಚಪ್ಪಲಿ ದೇವರಿಗೆ, ಬೂಟು ಸರಕಾರಕ್ಕ ನೋಡ್ರಿ," ಎಂದ ಸತ್ತವನ ತಮ್ಮ. "ಬರಿಗಾಲು ಯಾರಿಗೂ ಬ್ಯಾಡಾಗೇತಿ."

"ಮಾತ ಕಡಿಮಿ ಮಾಡ್ಲೇ. ಹಗ್ಗ ಕಟ್ಟದ ಬೂಟ ನಿನ್ನ ಬೀಳಸತೈತಿ," ಎಂದ ಕಾಕಾ.

ಸತ್ತವನ ಹೆಂಡತಿಯೂ ಅಲ್ಲಿದ್ದಳು. ದಂಡೆಯ ಮೇಲೆ ನೆರಳಿನ ತಟ್ಟಿ ಕಟ್ಟಿಕೊಂಡು ಹೆಂಗಸರು ರಸ್ತೆಗೆ ಹಾಕುವ ಖಡಿ ಒಡೆಯುತ್ತಿದ್ದರು. ಆಕೆ ಒಂದು ತುದಿಯಲ್ಲಿ ಕೂತಿದ್ದಳು.

ಮಧ್ಯಾಹ್ನ ಕಳೆದ ಮೇಲೆ ಕಾಕಾ ರಂಧ್ರಗಳಿಗೆ ಮದ್ದು ತುಂಬಿ ಮುಗಿಸಿದ. ಗಾಳಿ ನಿಂತಿತ್ತು. ಪಡುವಣ ದಿಕ್ಕಿನಲ್ಲಿ ಮುಂಗಾರಿಗೆ ಮೊದಲಿನ ಅಡ್ಡಮಳೆಯ ಮೋಡ ಕಟ್ಟಿತ್ತು. ಅದರ ಹೊಟ್ಟೆಯಲ್ಲಿ ಸದ್ದಿಲ್ಲದ ಮಿಂಚು. ಮ್ಯಾನೇಜರ್ ಸೈರನ್ ಒತ್ತಿಸಿದರು. ಎಲ್ಲರೂ ಹತ್ತಿ ಬಂದರು, ಬೂಟು ಕಳಚಿದರು, ತಮ್ಮ ತಮ್ಮ ಚಪ್ಪಲಿ ಮೆಟ್ಟಿದರು. ಹಾಜರಿ ಕೂಗಿದರು. ಪ್ರತಿ ಹೆಸರಿಗೂ ಉತ್ತರ ಬಂತು. ಕಾಕಾ ತನ್ನ ಚಪ್ಪಲಿ ಬಿಡಲು ಬಂಡೆಯ ಹತ್ತಿರ ಹೋದವನು ಹಾಗೆಯೇ ನಿಂತ.

ಬಂಡೆ ಖಾಲಿ ಇರಬೇಕಿತ್ತು. ಒಂದು ಜೋಡಿ ಇತ್ತು.

"ಯಾರ್ವ್ರೀ ಇವು?"

ಎಲ್ಲರೂ ತಮ್ಮ ಕಾಲು ನೋಡಿಕೊಂಡರು. ನಾನೂ ನೋಡಿಕೊಂಡೆ. ಬಂಡೆಯ ಮೇಲಿನ ಜೋಡಿಯಲ್ಲಿ ಎಡಗಾಲಿನ ಬಾರಿಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿತ್ತು.

ಕಾಕಾ ಸತ್ತವನ ತಮ್ಮನ ಕಡೆ ತಿರುಗಿದ. "ನೀ ಇವನ್ನ ಹೊಳಿಗೆ ಒಗದಿದ್ದಿಲ್ಲೇನೋ?"

"ಒಗದೇನಿ. ಅಂಕಲಿ ಪೂಲಿನ ಮ್ಯಾಲಿಂದ ನಡು ಹೊಳಿಗೆ ಒಗದೇನಿ. ಮುಳುಗೋದ ಕಣ್ಣಿಲೆ ನೋಡೇನಿ." ಬೆಳಗ್ಗೆಯಿಂದ ಚೇಷ್ಟೆ ಮಾಡುತ್ತಿದ್ದವನ ದನಿ ಈಗ ಕೆಳಗಿಳಿದಿತ್ತು.

"ಹಂಗಾರ ಈಸಾಡಿಕೊಂತ ಬಂದಾವು," ಎಂದು ಹಿಂದಿನಿಂದ ಯಾರೋ ಅಂದರು. ಒಬ್ಬರೂ ನಗಲಿಲ್ಲ.

ಮ್ಯಾನೇಜರ್ ಕಷ್ಟದಲ್ಲಿದ್ದರು. ಇದನ್ನು ನ್ಯಾಯವಾಗಿ ಹೇಳಬೇಕು. ಮದ್ದು ತುಂಬಿದ ರಂಧ್ರಗಳನ್ನು ಹಾಗೇ ಬಿಟ್ಟು ಹೋಗುವಂತಿಲ್ಲ. ಸಿಡಿಲು ಬರುವ ಹೊತ್ತಿನಲ್ಲಿ ಅವುಗಳ ಹತ್ತಿರ ಜನ ನಿಲ್ಲುವಂತಿಲ್ಲ. ಎರಡೂ ಅವರು ಓದಿದ್ದ ಕಾನೂನಿನಲ್ಲೇ ಇದ್ದವು, ಎರಡೂ ಸರಿಯಾಗಿಯೇ ಇದ್ದವು.

"ಹಾಜರಿ ಪೂರಾ ಆಗೇತಿ, ಕಾಕಾ. ಕೆಳಗ ಯಾರೂ ಇಲ್ಲ. ಮೋಡ ನೋಡ್ರಿ."

"ಹಾಜರಿ ನೀವು ಕೂಗಿದ್ದು ನಮ್ಮ ಮಂದೀದು, ಸಾಹೇಬ್ರ. ಚಪ್ಪಲಿ ಐತಿ ಅಂದ್ರ ಕೆಳಗೊಂದ ಜೀವ ಐತಿ. ನಾ ಬತ್ತಿ ಹಚ್ಚಂಗಿಲ್ಲ."

"ಸತ್ತವರ ಚಪ್ಪಲಿಗೆ ಜೀವ ಎಲ್ಲಿಂದ ಬರತೈತಿ?"

ಕಾಕಾ ತನ್ನ ಚಪ್ಪಲಿಯನ್ನು ಆ ಜೋಡಿಗೆ ತಾಗದಂತೆ ದೂರದಲ್ಲಿ ಬಿಟ್ಟು ಕೆಳಗಿಳಿದ. ತಳದ ನಡುವೆ ನಿಂತು, ಕೈಯನ್ನು ಬಾಯಿಗೆ ಹಿಡಿದು ಕೂಗಿದ: "ಯಾರದಾರ್ರೀ?" ಪಡುವಣ ಗೋಡೆ ಆ ಮಾತನ್ನು ತಿರುಗಿ ಕೊಟ್ಟಿತು. ಆತ ಮತ್ತೆ ಕೂಗಿದ, ಗೋಡೆ ಮತ್ತೆ ಕೊಟ್ಟಿತು, ಈ ಸಲ ಸ್ವಲ್ಪ ತಡವಾಗಿ. ನನಗೆ ಹಾಗೆ ಕೇಳಿಸಿತು ಎಂದಷ್ಟೇ ಹೇಳಬಲ್ಲೆ. ಕಾಕಾ ಸುತ್ತ ನೋಡಿ ಮೇಲೆ ಬಂದ. ಇಲ್ಲವೆಂದು ತಲೆಯಾಡಿಸಿದ. ಯಾರೂ ಕಾಣಲಿಲ್ಲ.

"ಮುಗೀತಲ್ಲ," ಎಂದು ಮ್ಯಾನೇಜರ್ ಬಂಡೆಯ ಕಡೆ ಹೆಜ್ಜೆ ಹಾಕಿದರು. "ನಾ ಎತ್ತತೀನಿ. ಪಾಪ ನನಗ ಬರಲಿ."

"ಮುಟ್ಟಬ್ಯಾಡ್ರಿ."

ಸತ್ತವನ ಹೆಂಡತಿ ಯಾವಾಗ ಎದ್ದು ಬಂದಿದ್ದಳೋ ನಾನು ನೋಡಿರಲಿಲ್ಲ. ಸುತ್ತಿಗೆ ಕೈಯಲ್ಲೇ ಇತ್ತು. ಚಪ್ಪಲಿಯನ್ನು ನೋಡಿದಳು, ಅಳಲಿಲ್ಲ, ಗಾಬರಿಯೂ ಕಾಣಲಿಲ್ಲ. ಊಟದ ಹೊತ್ತು ಮೀರಿದರೂ ಮನೆಗೆ ಬಾರದ ಗಂಡನ ಬಗ್ಗೆ ಹೇಳುವ ದನಿಯಲ್ಲಿ ಹೇಳಿದಳು: "ಅವ್ರು ಕೂಡೂ ಜಾಗಾ ನೀವು ನೋಡಿಲ್ಲ, ಕಾಕಾ."

"ಯಾವ ಜಾಗಾ, ತಂಗಿ?"

"ಬುತ್ತಿ ಉಣ್ಣಾಕ ಒಂದ ಜಾಗಾ ಇತ್ತು. ಪಡುವಣ ಗ್ವಾಡಿ ಬುಡಕ, ಒಡದ ಕಲ್ಲಿನ ಹಿಂದ. ತಣ್ಣಗಿರತೈತಿ ಅಂತಿದ್ರು. ನಾ ಬುತ್ತಿ ತಂದಾಗ ಅಲ್ಲೇ ಹೋಗಿ ಕೊಡತಿದ್ದೆ."

ಪಡುವಣ ಗೋಡೆಗೇ ಅಂದು ಮದ್ದು ತುಂಬಿದ್ದು.

ಮ್ಯಾನೇಜರ್ ಅಡ್ಡ ಬಂದರು. ಮದ್ದು ತುಂಬಿದ ಮೇಲೆ ಹಾರಿಸುವವನ ಹೊರತು ಬೇರೆ ಯಾರೂ ಇಳಿಯುವಂತಿಲ್ಲ, ಏನಾದರೂ ಆದರೆ ತಾನು ಜೈಲಿಗೆ ಹೋಗಬೇಕಾಗುತ್ತದೆ ಎಂದರು. ಆಕೆ ಅವರನ್ನು ತಳ್ಳಲಿಲ್ಲ, ವಾದವನ್ನೂ ಮಾಡಲಿಲ್ಲ. ತನ್ನ ಚಪ್ಪಲಿಯನ್ನು ಗಂಡನ ಚಪ್ಪಲಿಯ ಪಕ್ಕದಲ್ಲಿ ಬಿಟ್ಟಳು, ಮ್ಯಾನೇಜರ್ ಪಕ್ಕದಿಂದ ಹಾದು ಇಳಿದಳು. ಕಾಕಾ ಹಿಂದೆಯೇ ಇಳಿದ. ಈಗ ಬಂಡೆಯ ಮೇಲೆ ಮೂರು ಜೋಡಿ. ಮೋಡದಲ್ಲಿ ಮೊದಲ ಸಲ ಗುಡುಗಿತು. ದಂಡೆಯ ಮೇಲಿನವರು ಯಾರೂ ಅಲುಗಲಿಲ್ಲ, ಮರೆಗೂ ಹೋಗಲಿಲ್ಲ.

ಒಡೆದ ಕಲ್ಲುಗಳ ಹಿಂದೆ ಆಕೆ ಬಗ್ಗಿದ್ದು ಕಂಡಿತು. ಆಮೇಲೆ ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಆಕೆ ಎದ್ದು ನಿಂತಳು. ಆಕೆಯ ಪಕ್ಕದಲ್ಲಿ ಇನ್ನೊಬ್ಬರು ಎದ್ದರು.

ನನ್ನ ಪಕ್ಕದಲ್ಲಿದ್ದ ಸತ್ತವನ ತಮ್ಮ ದಂಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದ. ಏಳುತ್ತಿರುವವರು ಯಾರೆಂದು ಆತ ಅಂದುಕೊಂಡನೋ ನಾನು ಕೇಳಲಿಲ್ಲ. ನಾನು ಏನು ಅಂದುಕೊಂಡೆ ಎಂಬುದನ್ನೂ ಬರೆದುಕೊಳ್ಳಲಿಲ್ಲ.

ಅದೊಬ್ಬ ಮುದುಕ. ತಲೆಗೆ ಕೆಂಪು ರುಮಾಲು, ಹೆಗಲಿಗೆ ಕಂಬಳಿ. ಕುರಿ ಕಾಯುವವನು. ಖಣಿಯ ಹಿಂಬದಿಯ ಎತ್ತಿನ ಚಕ್ಕಡಿ ದಾರಿಯಿಂದ ನೀರಿಗೆಂದು ಇಳಿದು, ನೆರಳು ಕಂಡು ಮಲಗಿಬಿಟ್ಟಿದ್ದ. ಕಿವಿ ಬಹಳ ಮಂದ. ಸೈರನ್ ಆತನಿಗೆ ಸೈರನ್ನೇ ಆಗಿರಲಿಲ್ಲ. ಮೇಲಕ್ಕೆ ಕರೆತಂದಾಗ ಆತ ಸುತ್ತ ನಿಂತವರನ್ನು ನೋಡಿ, ಕುರಿ ಹೊಲಕ್ಕೆ ನುಗ್ಗಿರಬೇಕು, ಅದಕ್ಕೇ ಹಿಡಿದು ತಂದಿದ್ದಾರೆ ಎಂದುಕೊಂಡು ಕೈಮುಗಿದ.

ಮ್ಯಾನೇಜರ್‌ಗೆ ಜೀವ ಬಂದಂತಾಯಿತು. ಬಂಡೆಯ ಕಡೆ ಬೆರಳು ಮಾಡಿ ಮುದುಕನ ಕಿವಿಯಲ್ಲಿ ಕೂಗಿದರು: "ಅಜ್ಜಾ, ಚಪ್ಪಲಿ ನಿನ್ವು ಹೌದಲ್ಲೋ? ಹೊಳಿ ದಂಡ್ಯಾಗ ಸಿಕ್ಕಿದ್ವೇನು?"

ಮುದುಕ ಬಾಗಿ ನೋಡಿದ. "ನನ್ವಲ್ರಿ. ಮಂಗಸೂಳಿ ಮಲ್ಲಯ್ಯನ ಹರಕಿ ಐತ್ರಿ ನಂದು. ಚಪ್ಪಲಿ ಬಿಟ್ಟು ಭಾಳ ವರ್ಷ ಆತು." ಕಾಲನ್ನು ಎತ್ತಿ ತೋರಿಸಿದ. ಹಿಮ್ಮಡಿ ಬೇಸಿಗೆಯ ಕೆರೆಯ ತಳದಂತೆ ಬಿರಿದಿತ್ತು. ಆ ಕಾಲು ವರ್ಷಗಳಿಂದ ಚಪ್ಪಲಿ ಕಂಡದ್ದಲ್ಲ.

ಆ ಸಂಜೆ ನಾನು ಕಳಿಸಿದ ಸುದ್ದಿಯಲ್ಲಿ ಚಪ್ಪಲಿಯೂ ಇತ್ತು. ಡೆಸ್ಕಿನಿಂದ ಫೋನ್ ಬಂತು. "ಮುದುಕನದಲ್ಲ ಅಂದ್ರೆ ಅಲ್ಲಿ ಇಟ್ಟವರು ಯಾರು?" ಗೊತ್ತಿಲ್ಲ ಎಂದೆ. "ಹಾಗಾದರೆ ತೆಗೆಯೋಣ," ಎಂದರು ಹಿರಿಯರು. ನಾನು ವಾದಿಸಲಿಲ್ಲ. ಕಿವಿ ಕೇಳದ ಕುರಿಗಾಹಿ ಪಾರಾದ ಸುದ್ದಿ ಒಳಪುಟದಲ್ಲಿ ಬಂತು. ಹಿಂದಿನ ದಾರಿಗೆ ಬೇಲಿ ಹಾಕಬೇಕು ಎಂಬ ಸಾಲೂ ಇತ್ತು. ಬೇಲಿ ಹಾಕಿದರು. ಸತ್ತವನ ತಮ್ಮ ಆ ಚಪ್ಪಲಿಯನ್ನು ಎಸೆದಿರಲೇ ಇಲ್ಲ, ಎಲ್ಲೋ ಮುಚ್ಚಿಟ್ಟಿದ್ದ ಎಂದು ಮ್ಯಾನೇಜರ್ ಕೊನೆಯವರೆಗೂ ನಂಬಿದ್ದರು. ಹೆಂಡತಿಯೇ ತಂದಿಟ್ಟಿರಬೇಕು ಎಂದು ಖಡಿ ಒಡೆಯುವ ಹೆಂಗಸರಲ್ಲಿ ಕೆಲವರು ಹೇಳುತ್ತಿದ್ದರು. ಎರಡಕ್ಕೂ ಸಾಕ್ಷಿ ಇಲ್ಲ.

ಆದರೆ ಅಂದು ಮುದುಕ ಹೋದ ಮೇಲೂ ಕೆಲಸ ಮುಗಿದಿರಲಿಲ್ಲ. ಬಂಡೆಯ ಮೇಲೆ ಆ ಜೋಡಿ ಹಾಗೇ ಇತ್ತು, ಕೆಳಗೆ ಮದ್ದೂ ಹಾಗೇ ಇತ್ತು. ಕಾಕಾ ತಾನು ಇಳಿಯುವುದಿಲ್ಲ ಎನ್ನುವಂತೆ ಕೂತಿದ್ದ. ಈ ಸಲ ಮ್ಯಾನೇಜರ್ ಕೂಡ ಬಂಡೆಯಿಂದ ದೂರವೇ ನಿಂತರು.

ಆಕೆ ತನ್ನ ಚಪ್ಪಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಗಂಡನ ಚಪ್ಪಲಿಗೆ ಕಾಲು ತೂರಿಸಿದಳು. ಆಕೆಗೆ ಅವು ದೊಡ್ಡವು.

"ಮನೀಗೆ ಒಯ್ತೀಯೇನ, ತಂಗಿ?" ಎಂದ ಕಾಕಾ.

"ಬಂದವ್ರನ್ನ ಮತ್ತ ಹೊಳಿಗೆ ಹ್ಯಾಂಗ ಒಗಿಯೂದು, ಕಾಕಾ."

ಆಕೆ ಕಾಲುದಾರಿ ಹಿಡಿದು ನಡೆದಳು. ದಪ್ಪ ತೊಗಲು ಕರ್ ಕರ್ ಎನ್ನುತ್ತಿತ್ತು. ಗಾಳಿ ಇಲ್ಲದ್ದಕ್ಕೋ ಏನೋ, ಆಕೆ ಕುರುಚಲು ಗಿಡಗಳ ಆಚೆ ಮರೆಯಾದ ಮೇಲೂ ಆ ಸಪ್ಪಳ ಹತ್ತಿರದಲ್ಲೇ ಇದ್ದಂತೆ ಕೇಳುತ್ತಿತ್ತು. ಅದು ನಿಲ್ಲುವವರೆಗೆ ಕಾಕಾ ಕಾದ. ನಿಂತ ಮೇಲೆ ತನ್ನ ಚಪ್ಪಲಿಯೊಂದೇ ಬಂಡೆಯ ಮೇಲಿದೆ ಎಂದು ಇನ್ನೊಮ್ಮೆ ನೋಡಿಕೊಂಡು ಇಳಿದು ಹೋದ, ಬತ್ತಿ ಹಚ್ಚಿ ಬಂದ. ಪಡುವಣ ಗೋಡೆ ಸಿಡಿದೆದ್ದು ಕುಸಿಯಿತು. ಒಡೆದ ಕಲ್ಲುಗಳ ಹಿಂದಿನ ಆ ತಣ್ಣನೆಯ ಜಾಗ ಇಲ್ಲವಾಯಿತು.

ಬತ್ತಿ ಹಚ್ಚಲು ಕಾಕಾ ಇಳಿದಿದ್ದಾಗ, ಎಲ್ಲರೂ ಮರೆಗೆ ಓಡುತ್ತಿದ್ದಾಗ, ನಾನು ಬಂಡೆಯ ಹತ್ತಿರ ಹಾದೆ. ದಿನವಿಡೀ ಕಾದ ಕಲ್ಲು, ಕೈ ಇಟ್ಟರೆ ಸುಡುತ್ತಿತ್ತು. ಆಕೆ ಮೆಟ್ಟಿಕೊಂಡು ಹೋದ ಗಂಡನ ಜೋಡಿ ಇದ್ದ ಕಡೆ ಎರಡು ಅಂಗಾಲಿನ ಆಕಾರದಲ್ಲಿ ಬಂಡೆ ಒದ್ದೆಯಾಗಿತ್ತು. ನಾನು ನೋಡುತ್ತಿದ್ದಂತೆ ಅಂಚಿನಿಂದ ಒಣಗುತ್ತ ಬಂತು. ಮಳೆ ಇನ್ನೂ ಬಿದ್ದಿರಲಿಲ್ಲ.